ಮದುವೆ ಪಟಕ್ಕೆ ಎರವಲು ಕೋಟು

ಬೀಚನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಎದುರಿನ ಮದುವೆ ಚಪ್ಪರದವರು ಊಟಕ್ಕೆ ಕರೆದರು. ಒಳಗೆ ಫೋಟೋ ತೆಗೆಯುವ ಸಿದ್ಧತೆ ನಡೆದಿತ್ತು. ಹುಣಸೂರಿನಿಂದ ಬಂದಿದ್ದ ಫೋಟೋಗ್ರಾಫರು ಕ್ಯಾಮೆರಾದ ಜೊತೆಗೆ ಎರಡು ಕರಿ ಕೋಟುಗಳನ್ನೂ ತಂದಿದ್ದರು. ಹೋದ ವರ್ಷ ಸಿಲೋನಿಗೆ ಹೋಗಿದ್ದಾಗ ಅಲ್ಲಿನ ಒಂದು ಸ್ಟುಡಿಯೋದಲ್ಲೂ ಮದುಮಗನಿಗೆ ಹೀಗೆಯೇ ಎರವಲು ಕೋಟು ತೊಡಿಸಿದ್ದನ್ನು ಕಂಡಿದ್ದೆ. ಇಲ್ಲಿ ಒಂದನ್ನು ಮದುಮಗ ಆಗಲೇ ತೊಟ್ಟಿದ್ದ. ಇನ್ನೊಂದನ್ನು ಗಂಡಿನ ಕಡೆಯ ಹಿರಿಯರೊಬ್ಬರು ಹೆಣ್ಣಿನ ತಂದೆ ಮಾದಯ್ಯನವರಿಗೆ ಕೊಟ್ಟರು.

"ಕಂಬಳಿ ತೆಗ್ದು ಇದನ್ನ ಹಾಕ್ಕಳಿ. ಪಟದಲ್ಲಿ ಚೆಂದಾಗಿ ಕಾಣ್ಬೇಕು."

ಮಾದಯ್ಯ ನೆಲ ನೋಡುತ್ತ ಹೆಗಲ ಮೇಲಿನ ಕಂಬಳಿಗೆ ಕೈ ಹಾಕಿದರು. ಮದುಮಗಳು ಆ ಕೈಯನ್ನು ಹಿಡಿದುಕೊಂಡಳು.

"ಬ್ಯಾಡ ಕಣಪ್ಪ, ಅಂಗೇ ಇರು," ಎಂದವಳು ಹಿರಿಯರ ಕಡೆ ತಿರುಗಿದಳು. "ನಾನು ಜ್ವರದಲ್ಲಿ ಬಿದ್ದಿದ್ದಾಗ ನಮ್ಮಪ್ಪ ಈ ಕಂಬಳೀಲೇ ಸುತ್ಕಂಡು ಸರಗೂರು ಆಸ್ಪತ್ರೆಗಂಟ ಹೊತ್ಕಂಡೋಗಿ ನನ್ನ ಉಳಿಸ್ಕಂಡ್ರು. ಅವ್ರು ಎಂಗವ್ರೋ ಅಂಗೇ ಪಟದಲ್ಲಿ ಬರ್ಲಿ ಬುಡಿ."

ಮದುಮಗ ತನ್ನ ಕೋಟನ್ನೂ ಬಿಚ್ಚಿ ಫೋಟೋಗ್ರಾಫರ ಕೈಗೆ ಕೊಟ್ಟ. ಆಮೇಲೆ ಮಾವನನ್ನು ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಮಾದಯ್ಯ ಬೆನ್ನು ನೆಟ್ಟಗೆ ಮಾಡಿ, ತಲೆಯೆತ್ತಿ, ಕ್ಯಾಮೆರಾವನ್ನೇ ನೇರವಾಗಿ ನೋಡಿದರು.