ಚಪಳಗಾಂವದ ಹೊಲದಲ್ಲೊಂದು ಗಾಳಿಹಾಸಿಗೆ

ಬೇರೆ ಯಾರಾದರೂ ಇಂಥದ್ದನ್ನು ನನ್ನೆದುರು ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಸೊಲ್ಲಾಪುರದಲ್ಲಿ ಭೌತಶಾಸ್ತ್ರ ಓದಿ, ಮನೆಯ ಬಟ್ಟೆ ಅಂಗಡಿಯಲ್ಲಿ ಕುಳಿತವನು ನಾನು. ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ ಎಂದು ಗಿರಾಕಿಗಳ ಜೊತೆಗೂ ವಾದಕ್ಕಿಳಿಯುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕಲಕೋಟ ತಾಲೂಕಿನ ಚಪಳಗಾಂವಕ್ಕೆ ಕೊಟ್ಟಿದ್ದ ನಮ್ಮ ಅಕ್ಕ, ದಸರೆಯ ಹೊತ್ತಿಗೆ ಐದು ತಿಂಗಳ ಕೂಸನ್ನು ಕಳೆದುಕೊಂಡಿದ್ದಳು. ಅಂದಿನಿಂದ ಮನೆಯೊಳಗೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಸಂಕ್ರಾಂತಿಯ ಮುಂದೆ ತೊಗರಿ ರಾಶಿ ಕಾಯಲು ಭಾವ ಹೊಲಕ್ಕೆ ಹೊರಟಾಗ ತಾನೂ ಬರುತ್ತೇನೆಂದು ಹಟ ಹಿಡಿದಳು.

ಅಂಥ ಚಳಿಯಲ್ಲಿ ಬರಿ ನೆಲದ ಮೇಲೆ ಹೇಗೆ ಮಲಗುತ್ತಾಳೆಂದು, ಬೆಟ್ಟ ಹತ್ತುವ ಗೆಳೆಯನೊಬ್ಬನಿಂದ ಗಾಳಿಹಾಸಿಗೆ ಇಸಿದುಕೊಂಡು ಬಸ್ ಹಿಡಿದೆ. ರಬ್ಬರು ಬಟ್ಟೆಯ ಚೀಲ, ಒಳಗೆ ಉಣ್ಣೆಯಂಥ ಪದರು. ಮೈಯ ಕಾವು ನೆಲಕ್ಕಿಳಿಯದಂತೆ ಅದು ತಡೆಯುತ್ತದೆ. ಗೆಳೆಯ ಒಂದು ಮಾತು ಹೇಳಿದ್ದ: ಚಳಿ ಏರಿದ ಹಾಗೆ ಒಳಗಿನ ಗಾಳಿ ಕುಗ್ಗಿ ಹಾಸಿಗೆ ಸಡಿಲಾಗುತ್ತದೆ, ನಡುವೆ ಎದ್ದು ಮತ್ತೆ ತುಂಬಬೇಕು.

ಸಂಜೆ ಪಂಪಿನಿಂದ ಗಾಳಿ ತುಂಬಿ, ಕೈಯೊತ್ತಿದರೆ ತಗ್ಗುವಷ್ಟು ಮೆತ್ತಗಿಟ್ಟು ಅಕ್ಕನಿಗೆ ಹಾಸಿಕೊಟ್ಟೆ. ರಾಶಿಯ ಆಚೆ ಮಗ್ಗುಲಲ್ಲಿ ಭಾವನ ಗೊರಕೆ ಶುರುವಾಯಿತು. ನಾನು ಕಂಬಳಿ ಹೊದ್ದು ನಡುಗುತ್ತ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಅಕ್ಕ ಎದ್ದು ಕೂತಳು.

“ತಮ್ಮಾ, ಇದರ ಬುಡಕ ಕೆಂಡ ಇಟ್ಟೀ ಏನೋ?”

ಮುಟ್ಟಿ ನೋಡಿದೆ. ಬಿಸಿಯೇ ಇತ್ತು, ಅವಳ ಮೈ ತಾಗದ ಅಂಚಿನಲ್ಲೂ. ಮೇಲಾಗಿ ಹಾಸಿಗೆ ಡೊಳ್ಳಿನಂತೆ ಬಿಗಿದುಕೊಂಡಿತ್ತು. ಅವಳನ್ನು ಎಬ್ಬಿಸಿ, ಅದನ್ನೆತ್ತಿ ಕೆಳಗಿನ ಮಣ್ಣಿಗೆ ಕೈಯಿಟ್ಟೆ. ಜುಮ್ಮೆನ್ನುವಷ್ಟು ತಣ್ಣಗಿತ್ತು. ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ನಾಲ್ಕು ಮಾರು ಆಚೆ ಹಾಸಿದೆ. ಒಂದು ಬೀಡಿ ಸೇದುವಷ್ಟರಲ್ಲಿ ತಣ್ಣಗಾಗಿ ಸಡಿಲಾಯಿತು. ಮರಳಿ ಅದೇ ಜಾಗಕ್ಕೆ ತಂದೆ. ಮತ್ತೆ ಬಿಸಿ, ಮತ್ತೆ ಬಿಗಿ.

“ಅಕ್ಕಾ, ಗುದ್ಲಿ ತರ್ತೀನಿ, ಇಲ್ಲಿ ಅಗದ ನೋಡೂಣು,” ಎಂದೆ.

ಅವಳು ಹಾಸಿಗೆಯ ಮೇಲೆ ಅಂಗೈ ಆಡಿಸುತ್ತಿದ್ದಳು. “ಅಗೀಬ್ಯಾಡ. ಕೂಸಿನ್ನ ಈಗಷ್ಟ ಎತ್ಕೊಂಡ ಹಾಸಿಗಿ ಹಿಂಗ ಇರ್ತದ. ನೀ ಸುಮ್ಕ ಮಲಗು.”

ಕೂಸನ್ನು ಮಣ್ಣು ಮಾಡಿದ್ದು ಊರಿನ ಇನ್ನೊಂದು ದಿಕ್ಕಿಗೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಬಿಸಿಲೇರಿದರೂ ಏಳಲಿಲ್ಲ. ಭಾವ ದೂರ ನಿಂತು ಅವಳನ್ನೇ ನೋಡಿದರು.

“ಎಬ್ಬಸಬ್ಯಾಡಪಾ. ದಸರಾದಿಂದ ಹಿಂಗ ಮಲಗಿಲ್ಲ ಆಕಿ,” ಎಂದರು.

ಮುಂದಿನ ಚಳಿಗಾಲ ಅದೇ ಹಾಸಿಗೆ ಒಯ್ದೆ, ಜೊತೆಗೆ ಉಷ್ಣಮಾಪಕವನ್ನೂ. ಅದೇ ಜಾಗ, ಅಂಥದ್ದೇ ಚಳಿ. ಗೆಳೆಯ ಹೇಳಿದ್ದಂತೆಯೇ ಹಾಸಿಗೆ ತಣ್ಣಗಾಯಿತು, ಸಡಿಲಾಯಿತು. ಅಕ್ಕ ಬಂದು ಅದರ ಮೇಲೆ ಅಂಗೈಯೂರಿ ಬಹಳ ಹೊತ್ತು ಕೂತಳು.

“ಬೆಚ್ಚಗ ಅದಲ್ಲೋ,” ಎಂದಳು.

ಅವಳು ಕೈ ತೆಗೆದ ಜಾಗವನ್ನು ಮುಟ್ಟಿದೆ. ತಣ್ಣಗಿತ್ತು. ಆಮೇಲೆ ಯಾಕೋ ಅವಳ ಅಂಗೈಯನ್ನು ಹಿಡಿದು ನೋಡಿದೆ. ಅಷ್ಟು ಹೊತ್ತು ಆ ತಣ್ಣನೆಯ ರಬ್ಬರಿನ ಮೇಲಿದ್ದ ಕೈ ಕಾದುಹೋಗಿತ್ತು. ಯಾಕೆಂದು ನನಗೆ ಇಂದಿಗೂ ತಿಳಿದಿಲ್ಲ. ಮೊದಲ ವರ್ಷದ ಆ ರಾತ್ರಿ ಅಗೆಯದೆ ಬಿಟ್ಟದ್ದು ಸರಿಯೋ ತಪ್ಪೋ, ಅದೂ ತಿಳಿದಿಲ್ಲ.