ಡಾಕ್ಟರಿಗೆ ತೋರಿಸುವ ಮುಖ

ನನ್ನ ತಮ್ಮನ ಹೆಂಡತಿಯ ಕುರ್ಚಿಯಲ್ಲಿ ಕೂತು ಎದ್ದವರನ್ನು ಹೆತ್ತ ತಾಯಿಯೂ ಎರಡು ಸಲ ನೋಡಬೇಕು ಅಂತ ನಮ್ಮ ಬೀದಿಯಲ್ಲಿ ಆಡಿಕೊಳ್ಳುತ್ತಾರೆ. ಅದು ಹೊಗಳಿಕೆಯೋ ಕುಹಕವೋ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ. ಎಲ್ಲರಿಗೂ ಅವಳು ಪಾರ್ಲರಕ್ಕ. ಮನೆಯ ಮುಂದಿನ ಕೋಣೆಯನ್ನು ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿದ್ದೇವೆ. ಆ ಕಡೆ ಅವಳ ಕನ್ನಡಿ, ಕುರ್ಚಿ, ತಲೆ ತೊಳೆಯುವ ಬೇಸಿನ್ನು. ಈ ಕಡೆ ನನ್ನ ಹೊಲಿಗೆ ಮಿಷನ್ನು. ಹಲಗೆ ಛಾವಣಿ ಮುಟ್ಟುವುದಿಲ್ಲ, ಅಲ್ಲಿ ಪಿಸುಗುಟ್ಟಿದ್ದೂ ಇಲ್ಲಿಗೆ ಕೇಳುತ್ತದೆ. ನಾನೇನು ಕದ್ದು ಕೇಳುವವಳಲ್ಲ. ದೇವರು ಕಿವಿ ಕೊಟ್ಟಿದ್ದಾನೆ, ಮುಚ್ಚಿಟ್ಟುಕೊಳ್ಳಲಾ?

ಅವಳ ಕೈಗುಣ ಎಂಥದ್ದು ಎಂದರೆ, ಅತ್ತೂ ಅತ್ತೂ ಕಣ್ಣು ಬಾತುಹೋಗಿದ್ದ ಮದುಮಗಳೊಬ್ಬಳನ್ನು ಒಂದು ಗಂಟೆಯಲ್ಲಿ ಆಗತಾನೇ ಅರಳಿದ ಹೂವಿನ ಹಾಗೆ ಮಾಡಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಬಳಿದದ್ದು ಗೊತ್ತಾಗದ ಹಾಗೆ ಬಳಿಯುವುದು ಎಲ್ಲರಿಗೂ ಬರುವುದಿಲ್ಲ. "ಮುಖ ನೋಡಿದವರಿಗೆ ಒಳಗಿನ ಸುದ್ದಿ ಗೊತ್ತಾಗಬಾರದು ಅತ್ತಿಗೆ, ಅಷ್ಟೇ ನಮ್ಮ ಕೆಲಸ" ಎನ್ನುತ್ತಿದ್ದಳು. ನನ್ನ ತಮ್ಮ ಲಾರಿ ಡ್ರೈವರ್, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಸಂಸಾರ ನಡೆದದ್ದು ಬಹುಪಾಲು ಇವಳ ಬ್ರಷ್ಷಿನಿಂದ ಮತ್ತು ಇವಳ ಮಾತಿನಿಂದ.

ಅವರಿಗೆ ಒಬ್ಬಳೇ ಮಗಳು. ಬುಗುರಿ ಅಂತ ಹೆಸರಿಟ್ಟವಳು ನಾನೇ. ಒಂದು ಕಡೆ ನಿಂತ ಮಗುವಲ್ಲ ಅದು. ನನ್ನ ಮಿಷನ್ನಿನ ಕೆಳಗೆ ನುಗ್ಗಿ, ಆ ಕಡೆ ಗಿರಾಕಿಗಳ ಕಾಲಡಿ ಹೊರಟು, ಬೀದಿಗೆ ಬಿದ್ದರೆ ಊಟಕ್ಕೆ ಕೂಗಿ ಕೂಗಿ ನನ್ನ ಗಂಟಲು ಕಟ್ಟಬೇಕು. ಹದಿನೈದಕ್ಕೆ ಬರುವ ಹೊತ್ತಿಗೆ ಶಾಲೆಯ ಓಟದಲ್ಲಿ ಅವಳನ್ನು ಹಿಂದೆ ಹಾಕುವವರಿರಲಿಲ್ಲ.

ಕಳೆದ ವರ್ಷ ಒಂದು ಜ್ವರ ಬಂತು. ಎಲ್ಲರಿಗೂ ಬರುವಂಥದ್ದೇ, ವಾರದಲ್ಲಿ ಇಳಿಯಿತು. ಜ್ವರ ಹೋಯಿತು, ಬುಗುರಿ ಮಾತ್ರ ಮತ್ತೆ ತಿರುಗಲಿಲ್ಲ. ಬೆಳಿಗ್ಗೆ ಎದ್ದರೆ ಮಲಗುವ ಮುಂಚಿಗಿಂತ ಹೆಚ್ಚು ಸುಸ್ತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಅರ್ಧಕ್ಕೇ ಇಳಿಸಿಬಿಡುತ್ತಿದ್ದಳು. ಪಾಠದ ಒಂದು ಸಾಲು ಓದಿದರೆ ಮುಂದಿನ ಸಾಲಿನ ಹೊತ್ತಿಗೆ ಹಿಂದಿನದು ಮರೆತಿರುತ್ತಿತ್ತು. ಒಂದೊಂದು ದಿನ ಪರವಾಗಿಲ್ಲ ಎನಿಸಿ ಅಂಗಳದವರೆಗೆ ಓಡಾಡಿದರೆ, ಮಾರನೇ ದಿನ, ಅದರ ಮಾರನೇ ದಿನ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಶಾಲೆಗೆ ಹೋಗುವುದು ವಾರಕ್ಕೊಮ್ಮೆ ಆಯಿತು, ಆಮೇಲೆ ಅದೂ ನಿಂತಿತು.

ನನ್ನ ತಮ್ಮ ದೂರದ ಯಾವುದೋ ಪೆಟ್ರೋಲ್ ಬಂಕಿನಿಂದ ಫೋನ್ ಮಾಡಿ, "ನನ್ನ ಜೊತೆ ನಾಲ್ಕು ದಿನ ಲಾರಿಯಲ್ಲಿ ಬರ್ಲಿ, ಸುಸ್ತು ಅನ್ನೋದು ಎದ್ದು ಓಡಿಹೋಗತ್ತೆ" ಎಂದ. ಫೋನು ಸ್ಪೀಕರಿನಲ್ಲಿತ್ತು. ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಫೋನು ಕಿತ್ತುಕೊಂಡು, "ನೀನು ಮೊದಲು ಸ್ಟೇರಿಂಗ್ ನೋಡ್ಕೊಂಡು ಓಡಿಸು ಮಾರಾಯ, ಬಾಯಿ ಆಮೇಲೆ ಓಡಿಸುವಿಯಂತೆ" ಎಂದು ಕತ್ತರಿಸಿದೆ.

ಪಾರ್ಲರಕ್ಕ ಮಗಳನ್ನು ನೋಡಿಕೊಳ್ಳಲಿಲ್ಲ ಎಂದು ಯಾರಾದರೂ ಅಂದರೆ ಅವರ ನಾಲಿಗೆಗೆ ಸೂಜಿ ಚುಚ್ಚುತ್ತೇನೆ. ಸಂಜೆ ಗಿರಾಕಿಗಳು ಹೋದ ಮೇಲೆ ಮಗಳನ್ನು ಒರಗಿಸಿಕೊಂಡು ಬಂದು ಆ ಕುರ್ಚಿಯಲ್ಲೇ ಮಲಗಿಸಿ, ಕತ್ತನ್ನು ಬೇಸಿನ್ನಿನ ಅಂಚಿಗೆ ಇಟ್ಟು, ಬೆಚ್ಚಗಿನ ನೀರಲ್ಲಿ ತಲೆ ತೊಳೆಯುತ್ತಿದ್ದಳು. ಎಷ್ಟು ನಾಜೂಕಾಗಿ ಎಂದರೆ, ಮಗು ಅಲ್ಲೇ ನಿದ್ದೆ ಹೋಗುತ್ತಿತ್ತು. ಆದರೆ ಹಗಲಲ್ಲಿ? ಹಗಲಲ್ಲಿ ಅದೇ ಕುರ್ಚಿಯಲ್ಲಿ ಕೂತ ಗಿರಾಕಿ, "ಮಗಳು ಕಾಣಿಸ್ತಾನೇ ಇಲ್ವಲ್ಲ?" ಎಂದು ಕೇಳಿದರೆ, "ಟ್ಯೂಷನ್‌ಗೆ ಹೋಗಿದಾಳೆ, ಈ ವರ್ಷ ಓದು ಜಾಸ್ತಿ" ಎನ್ನುತ್ತಿದ್ದಳು, ನಾಲಿಗೆ ತಡವರಿಸದೆ. ಮಗಳು ಮಲಗಿರುವುದು ಒಳಗಿನ ಬಾಗಿಲಿನ ಪರದೆಯ ಹಿಂದೆ. ನನಗೆ ಕೇಳಿದ್ದು ಅವಳಿಗೂ ಕೇಳುತ್ತಿತ್ತು.

ಒಂದು ಸಲ ಬ್ಯಾಂಕಿನ ಮೇಡಂ ಹುಬ್ಬು ತೀಡಿಸಿಕೊಳ್ಳಲು ಬಂದಾಗ ಪರದೆಯ ಹಿಂದಿನಿಂದ ಕೆಮ್ಮು ಬಂತು. "ಯಾರು ಒಳಗೆ?" ಎಂದರು ಆಕೆ. "ನಮ್ಮ ಕಡೆಯ ಅಜ್ಜಿಯೊಬ್ಬರು ಬಂದಿದಾರೆ, ವಯಸ್ಸಾಗಿದೆ ಪಾಪ" ಎಂದಳು ನಮ್ಮ ಪಾರ್ಲರಕ್ಕ. ಆಮೇಲೆ ಕೆಮ್ಮು ಬರಲಿಲ್ಲ. ಮಗು ದಿಂಬನ್ನು ಬಾಯಿಗೆ ಒತ್ತಿಕೊಂಡಿತ್ತು. ನನಗೆ ಆ ಹೊತ್ತು ಹಲಗೆಯನ್ನು ಒದ್ದು ಬೀಳಿಸಬೇಕು ಅನ್ನಿಸಿತು. ಮೇಡಂ ಹೋದ ಮೇಲೆ ಹೋಗಿ ಕೇಳಿದೆ, "ಅಜ್ಜಿಯಂತೆ ಅಜ್ಜಿ! ನಾಚಿಕೆ ಆಗಲ್ವೇನೇ ನಿನಗೆ?"

"ಆಗತ್ತೆ ಅತ್ತಿಗೆ. ಅದಕ್ಕೇ ಹಾಗಂದೆ" ಎಂದಳು.

ಡಾಕ್ಟರ ಹತ್ತಿರ ಹೋಗುವುದು ನಮ್ಮ ಮನೆಯಲ್ಲಿ ಒಂದು ದೊಡ್ಡ ಕಾರ್ಯಕ್ರಮ. ಎರಡು ದಿನ ಮುಂಚಿನಿಂದ ಮಗಳನ್ನು ಅಲ್ಲಾಡಲು ಬಿಡುತ್ತಿರಲಿಲ್ಲ. ಸ್ನಾನ ಬೇಡ, ಓದು ಬೇಡ, ಮಾತೂ ಬೇಡ. ಹಾಗೆ ಶಕ್ತಿ ಕೂಡಿಟ್ಟರೆ ಮೆಟ್ಟಿಲು ಹತ್ತಿ, ಕಾಯುವ ಕಡೆ ನೆಟ್ಟಗೆ ಕೂರಬಹುದು ಅಂತ. ಹೊರಡುವ ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಿ ಕಣ್ಣಿನ ಕೆಳಗಿನ ಕಪ್ಪು ಮುಚ್ಚುತ್ತಿದ್ದಳು, ಕೆನ್ನೆಗೆ ಇದ್ದೂ ಇಲ್ಲದ ಹಾಗೆ ಕೆಂಪು, ತುಟಿಗೆ ತುಟಿಯದೇ ಬಣ್ಣ, ಉಗುರಿಗೆ ತಿಳಿ ಗುಲಾಬಿ. ನೋಡಿದವರಿಗೆ ಓಟದಲ್ಲಿ ಗೆದ್ದು ಬಂದ ಹುಡುಗಿ!

ಮೊದಲನೇ ಡಾಕ್ಟರು ರಕ್ತ ತೆಗೆಸಿದರು. ಎಲ್ಲ ಸರಿಯಾಗಿದೆ, ಚೆನ್ನಾಗಿ ತಿನ್ನಲಿ ಎಂದರು. ಎರಡನೆಯವರು ಅವಳ ಮುಖ ನೋಡಿ, "ಇಷ್ಟು ಲಕ್ಷಣವಾಗಿದಾಳೆ ಮಗು, ಏನಮ್ಮಾ ತೊಂದರೆ ಇವಳಿಗೆ?" ಎಂದು ನಕ್ಕರು. ಆಗ ಪಾರ್ಲರಕ್ಕನ ಮುಖ ಅರಳಿತು. ನಾನು ಪಕ್ಕದಲ್ಲೇ ಇದ್ದೆ, ಸುಳ್ಳು ಹೇಳುತ್ತಿಲ್ಲ. ಕೆಲಸ ಮೆಚ್ಚಿದ ಗಿರಾಕಿಯ ಎದುರು ಹೇಗೆ ಅರಳುತ್ತದೋ ಹಾಗೇ. ಮರುಕ್ಷಣ ಪೆಚ್ಚಾದಳು, ಅದನ್ನೂ ನೋಡಿದೆ. ಮೂರನೆಯವರು ಪರೀಕ್ಷೆಯ ಭಯ ಇರಬೇಕು, ಮೊಬೈಲ್ ಕಿತ್ತುಕೊಳ್ಳಿ, ಬೆಳಿಗ್ಗೆ ಬೇಗ ಎಬ್ಬಿಸಿ ಓಡಿಸಿ ಎಂದರು. ಪ್ರತಿ ಸಲವೂ ಮನೆಗೆ ಬಂದ ಮೇಲೆ ವಾರಗಟ್ಟಲೆ ಮಗು ಕತ್ತಲೆಯಲ್ಲಿ ಬಿದ್ದಿರುತ್ತಿತ್ತು. ಅದನ್ನು ನೋಡಲು ಡಾಕ್ಟರು ಬರುವುದಿಲ್ಲವಲ್ಲ.

ಮೂರನೆಯವರ ಹತ್ತಿರ ಹೋಗಿ ಬಂದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ಅವಳ ಹಾಸಿಗೆಯ ಹತ್ತಿರ ಕೂತಿದ್ದಾಗ ಬುಗುರಿಯೇ ಮಾತು ತೆಗೆದಳು. "ಅಮ್ಮಾ, ಇನ್ನೊಬ್ಬರೇ ಡಾಕ್ಟ್ರು. ಅವ್ರೂ ಏನಿಲ್ಲ ಅಂದ್ರೆ ನಾನು ಯಾರ ಹತ್ರಾನೂ ಬರಲ್ಲ. ಸುಸ್ತು ಅಂತ ಬಾಯಿಬಿಟ್ಟು ಹೇಳೋದೂ ಇಲ್ಲ."

"ಹಾಗೆಲ್ಲ ಅನ್ಬಾರ್ದು ಕಂದಾ."

"ಎಲ್ರೂ ಏನಿಲ್ಲ ಅಂತಾರೆ. ನಾನು ನಾಟಕ ಮಾಡ್ತಿದೀನೇನೋ ಅಂತ ನಂಗೇ ಅನ್ನಿಸ್ತಾ ಇದೆ."

ನನ್ನ ಕೈಯಲ್ಲಿದ್ದ ಬಟ್ಟೆಗೆ ಗುಂಡಿ ಹಚ್ಚುವ ಬದಲು ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಪಾರ್ಲರಕ್ಕ ಎದ್ದು ಆ ಕಡೆ ಹೋಗಿ, ಆಗಲೇ ಸ್ವಚ್ಛವಾಗಿದ್ದ ಕನ್ನಡಿಯನ್ನು ಒರೆಸುತ್ತಾ ನಿಂತಳು.

ಆ ಇನ್ನೊಬ್ಬ ಡಾಕ್ಟರು ದೊಡ್ಡ ಆಸ್ಪತ್ರೆಯವರು, ಹೆಂಗಸು. ಅವರನ್ನು ಕಾಣುವ ದಿನ ಸಿಗಲು ಬಹಳ ಕಾಯಬೇಕಾಯಿತು. ಹೋಗುವ ಬೆಳಿಗ್ಗೆ ನಾನು ತಯಾರಾಗಿ ಬಂದರೆ ಮಗಳು ಆಗಲೇ ಕುರ್ಚಿಯಲ್ಲಿ, ತಾಯಿಯ ಕೈಯಲ್ಲಿ ಬ್ರಷ್ಷು. ನನ್ನ ಪಿತ್ತ ನೆತ್ತಿಗೇರಿತು.

"ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀಯೋ, ಫೋಟೋ ತೆಗೆಸೋಕೆ ಹೋಗ್ತಿದೀಯೋ?"

"ನಿಮಗೆ ಗೊತ್ತಾಗಲ್ಲ ಅತ್ತಿಗೆ. ಅಲ್ಲಿ ಕಾಯೋ ಕಡೆ ನಮ್ಮ ಗಿರಾಕಿಗಳು ಎಷ್ಟು ಜನ ಇರ್ತಾರೋ. ಊರಿನವರ ಮುಖಾನೆಲ್ಲ ತಿದ್ದುತಾಳೆ, ಮಗಳ ಮುಖ ನೋಡಿ ಅಂತ ಆಡ್ಕೋತಾರೆ."

"ಆಡ್ಕೊಳ್ಳಲಿ ಬಿಡೇ!"

"ಬಿಡಿ ಅತ್ತೆ" ಎಂದಳು ಬುಗುರಿ ಕಣ್ಣು ಮುಚ್ಚಿಕೊಂಡೇ. "ಜಗಳ ಕೇಳೋಕೂ ಶಕ್ತಿ ಬೇಕು."

ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿಗಳು ಸಾಲಾಗಿ ನಿಂತಿದ್ದವು. ನಾನು ಒಂದನ್ನು ಎಳೆದೆ. ಪಾರ್ಲರಕ್ಕ ಅದನ್ನು ವಾಪಸ್ ತಳ್ಳಿ, "ನಡೀತಾಳೆ, ನಿಧಾನವಾಗಿ ನಡೀತಾಳೆ" ಎಂದು ಮಗಳ ತೋಳಿಗೆ ತೋಳು ಕೊಟ್ಟಳು. ಮಗು ನಡೆಯಿತು. ಗೆಳತಿಯರ ಹಾಗೆ ತೋಳು ಸೇರಿಸಿಕೊಂಡು ಬರುತ್ತಿದ್ದ ಅವರನ್ನು ನೋಡಿದವರಿಗೆ, ಭಾರವೆಲ್ಲ ಯಾರ ಮೇಲೆ ಬಿದ್ದಿದೆ ಎಂದು ತಿಳಿಯುವಂತಿರಲಿಲ್ಲ.

ಒಳಗೆ ನರ್ಸು ನಾಡಿ ನೋಡಲು ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಹಾಕಿದಳು. ಯಂತ್ರ ಏನೂ ತೋರಿಸಲಿಲ್ಲ. ಇನ್ನೊಂದು ಬೆರಳಿಗೆ ಹಾಕಿದಳು. ಆಗಲೂ ಇಲ್ಲ. ಅವಳು ಬೆರಳನ್ನು ಬೆಳಕಿಗೆ ಹಿಡಿದು, "ಬಣ್ಣ ಹಚ್ಚಿದೀರಲ್ಲ, ತೆಗೀಬೇಕು" ಎಂದಳು. ಬಣ್ಣ ತೆಗೆಯುವ ಸೀಸೆ ಮತ್ತು ಹತ್ತಿ ಪಾರ್ಲರಕ್ಕನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತವೆ. ಮಗಳ ಕೈ ಹಿಡಿದು ಉಗುರು ಒರೆಸಿದಳು. ಗುಲಾಬಿ ಹೋಗಿ ಕೆಳಗಿನ ಬಿಳುಪು ಕಂಡಿತು. ಒರೆಸುತ್ತಿದ್ದವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಮುಂದುವರಿಯಿತು.

ಡಾಕ್ಟರು ಹಳೆಯ ರಿಪೋರ್ಟುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ತಲೆಯೆತ್ತಿ ಬುಗುರಿಯನ್ನು ನೋಡಿದರು. "ಇದ್ರಲ್ಲಿ ಏನೂ ಕಾಣಿಸ್ತಿಲ್ಲ. ನೋಡೋಕೂ ಚೆನ್ನಾಗೇ ಇದೀಯಲ್ಲಮ್ಮಾ. ಏನಾಗುತ್ತೆ, ನೀನೇ ಹೇಳು."

ಮಗು ಬಾಯಿ ತೆರೆಯಿತು. ತಾಯಿಯ ಕಡೆ ಒಮ್ಮೆ ನೋಡಿತು. ಮತ್ತೆ ಬಾಯಿ ಮುಚ್ಚಿಕೊಂಡು, "ಏನಿಲ್ಲ" ಎಂದಿತು.

ಅಯ್ಯೋ, ಹೇಳಿದ ಮಾತು ಉಳಿಸಿಕೊಂಡಿತ್ತು ಹುಡುಗಿ. ಇನ್ನು ಮನೆಗೆ ಹೋಗಿ ಗೋಡೆಗೆ ಮುಖ ಮಾಡಿದರೆ ಅವಳನ್ನು ಈ ಕಡೆ ತಿರುಗಿಸುವವರು ಯಾರೂ ಇರುವುದಿಲ್ಲ. ನಾನು ಬಾಯಿ ಹಾಕಬೇಕು ಎನ್ನುವಷ್ಟರಲ್ಲಿ ಪಾರ್ಲರಕ್ಕ ಎದ್ದು ನಿಂತಳು. ಇನ್ನೂ ಕೈಯಲ್ಲಿದ್ದ ಹತ್ತಿಯನ್ನು ಬಿಸಾಡಿ, ಬ್ಯಾಗಿನಿಂದ ಬೇರೆ ಹತ್ತಿ, ಬೇರೆ ಸೀಸೆ ತೆಗೆದಳು. ಮಗಳ ಗಲ್ಲ ಹಿಡಿದು ಎತ್ತಿದಳು. ಮೊದಲು ಕಣ್ಣಿನ ಕೆಳಗೆ, ಆಮೇಲೆ ಕೆನ್ನೆ, ಕೊನೆಗೆ ತುಟಿ. ಗಿರಾಕಿಗಳಿಗೆ ಒರೆಸುವ ಹಾಗೇ, ಒಳಗಿನಿಂದ ಹೊರಗೆ, ಚರ್ಮ ಎಳೆಯದ ಹಾಗೆ. ಹತ್ತಿಯ ಮೇಲೆ ಹುಡುಗಿಯ ಬಣ್ಣವೆಲ್ಲ ಬಂದುಬಿಟ್ಟಿತು. ಉಳಿದ ಮುಖವನ್ನು ನಾನು ದಿನಾ ನೋಡುತ್ತಿದ್ದರೂ ಆ ಬಿಳಿ ಬೆಳಕಲ್ಲಿ ನನಗೇ ನೋಡಲಾಗಲಿಲ್ಲ.

"ಇದು ನಾನು ಬಳಿದದ್ದು ಡಾಕ್ಟ್ರೇ" ಎಂದಳು ಪಾರ್ಲರಕ್ಕ. "ನನ್ನ ಕೆಲಸಾನೇ ಅದು. ಎರಡು ದಿನ ಮಲಗಿಸಿ, ಬಳಿದು ಕರ್ಕೊಂಡು ಬಂದಿದೀನಿ. ಮನೇಲಿ ಇವಳು ಹೀಗಿರಲ್ಲ. ತಲೆ ಬಾಚ್ಕೊಳೋಕೂ ಆಗಲ್ಲ ಇವಳಿಗೆ."

"ಮುಂಚಿನ ಡಾಕ್ಟರ ಹತ್ರಾನೂ ಹೀಗೇ ಕರ್ಕೊಂಡು ಹೋಗಿದ್ರಾ?"

"ಎಲ್ಲರ ಹತ್ರಾನೂ."

"ಯಾಕಮ್ಮಾ?"

ಅವಳು ನೆಲ ನೋಡಿದಳು. ಬಾಯಿಪಾಠ ಮಾಡಿದ ಹಾಗೆ ಮಾತಾಡುವ ಹೆಂಗಸು ಪದ ಹುಡುಕಿದಳು. "ಮಗಳ ಬಗ್ಗೆ ನಾಚಿಕೆ ಆಗ್ತಿತ್ತು" ಎಂದಳು. ಬುಗುರಿಯ ಎದುರೇ ಹೇಳಿದಳು. ಆಮೇಲೆ, "ಈಗ ನನ್ನ ಬಗ್ಗೆ ಆಗ್ತಿದೆ" ಎಂದು ಮುಖ ಮುಚ್ಚಿಕೊಂಡು ಬಿಕ್ಕಿದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಅವರು ಕುರ್ಚಿ ಎಳೆದುಕೊಂಡು ಹುಡುಗಿಯ ಎದುರು ಕೂತರು. "ಈಗ ಮೊದಲಿನಿಂದ ಹೇಳು. ಜ್ವರ ಬಂದಲ್ಲಿಂದ. ಸುಸ್ತಾದ್ರೆ ನಿಲ್ಲಿಸು, ನಾನು ಕಾಯ್ತೀನಿ." ಮಗು ಹೇಳಿತು. ನಿಂತು ನಿಂತು ಹೇಳಿತು. ಯಾವತ್ತೂ ನಮಗೆ ಹೇಳದಿದ್ದದ್ದನ್ನೂ ಹೇಳಿತು. ಆಮೇಲೆ ಮಲಗಿಸಿ ನಾಡಿ ನೋಡಿದರು, ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಅದಕ್ಕೂ ಇದಕ್ಕೂ ಅಜಗಜಾಂತರ ಇತ್ತಂತೆ. ನಿಂತಿದ್ದವಳು ವಾಲುತ್ತಿದ್ದಳು, ಅವರೇ ಹಿಡಿದು ಕೂರಿಸಿದರು.

"ಇದಕ್ಕೆ ಹೆಸರು ಇವತ್ತೇ ಹೇಳೋಕಾಗಲ್ಲ" ಎಂದರು. "ಇನ್ನೂ ಕೆಲವು ಪರೀಕ್ಷೆ ಆಗ್ಬೇಕು, ಸಮಯ ಹಿಡಿಯುತ್ತೆ. ಬೇಗ ವಾಸಿಯಾಗುತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ಇದು ಸೋಮಾರಿತನ ಅಲ್ಲ, ನಾಟಕ ಅಲ್ಲ. ಅವಳನ್ನ ಎಬ್ಬಿಸಿ ಓಡಿಸೋಕೆ ಹೋಗ್ಬೇಡಿ. ಮುಂದಿನ ಸಲ ಹೇಗಿರ್ತಾಳೋ ಹಾಗೇ ಕರ್ಕೊಂಡು ಬನ್ನಿ."

ಹೊರಗೆ ಬಂದ ಕೂಡಲೇ ಪಾರ್ಲರಕ್ಕ ತಾನೇ ಹೋಗಿ ಗಾಲಿಕುರ್ಚಿ ತಂದಳು. ಮಗಳನ್ನು ಕೂರಿಸಿ, ಜನ ತುಂಬಿದ ಹಜಾರದ ನಟ್ಟನಡುವೆ ತಳ್ಳಿಕೊಂಡು ಹೊರಟಳು. ಔಷಧಿ ಅಂಗಡಿಯ ಹತ್ತಿರ ಎದುರಾದದ್ದು ಯಾರು? ಅದೇ ಬ್ಯಾಂಕಿನ ಮೇಡಂ! ಅವರ ಕಣ್ಣು ಕುರ್ಚಿಯ ಮೇಲೆ, ಹುಡುಗಿಯ ಮುಖದ ಮೇಲೆ, ಮತ್ತೆ ನಮ್ಮ ಮೇಲೆ ಓಡಾಡಿತು. "ಇವಳು... ನಿಮ್ಮ ಮಗಳಲ್ವಾ? ಟ್ಯೂಷನ್ ಅಂತಿದ್ರಿ?"

ಪಾರ್ಲರಕ್ಕನ ಕೈ ಅಭ್ಯಾಸಬಲದಿಂದ ಮಗಳ ಕೂದಲನ್ನು ಮುಖದ ಮೇಲೆ ಎಳೆಯಲು ಹೋಯಿತು. ಹೋದ ಕೈ ಅವಳ ತಲೆಯ ಮೇಲೇ ಉಳಿಯಿತು. "ಸುಳ್ಳು ಹೇಳಿದ್ದೆ ಮೇಡಂ. ಇವಳಿಗೆ ಹುಷಾರಿಲ್ಲ, ಒಂದು ವರ್ಷ ಆಯ್ತು. ಅವತ್ತು ಒಳಗೆ ಕೆಮ್ಮಿದ್ದೂ ಇವಳೇ." ಮುಖ ಕೆಂಪಾಗಿ, ಕಿವಿ ಕೆಂಪಾಗಿ, ನಾಚಿಕೆಯಿಂದ ಬೆವರುತ್ತಾ ನಿಂತಿದ್ದಳು. ಆದರೂ ನಿಂತಿದ್ದಳು. ಮೇಡಂ ಏನೋ ಸಮಾಧಾನ ಹೇಳಿ ಹೋದರು.

ಗೇಟಿನ ಹತ್ತಿರ ಆಟೋಗೆ ಕಾಯುವಾಗ ಬುಗುರಿ ತಲೆ ಹಿಂದಕ್ಕೆ ಒರಗಿಸಿ, ಬೇಸಿನ್ನಿಗೆ ಒರಗುವ ಹಾಗೇ, ತಾಯಿಯನ್ನು ಕೆಳಗಿನಿಂದ ನೋಡಿದಳು.

"ಅಮ್ಮಾ, ನಾನು ತುಂಬಾ ಕೆಟ್ಟದಾಗಿ ಕಾಣ್ತಿದೀನಾ?"

ಇಷ್ಟು ವರ್ಷ ಈ ಪ್ರಶ್ನೆಗೆ ಯಾವ ಗಿರಾಕಿಗೂ ಹೌದು ಎನ್ನದವಳು ಅವಳು. ಬಗ್ಗಿ ಮಗಳ ಮುಖವನ್ನು ಚೆನ್ನಾಗಿ ನೋಡಿದಳು.

"ಹೌದು ಕಂದಾ. ತುಂಬಾ ಸುಸ್ತಾದವಳ ಹಾಗೆ ಕಾಣ್ತಿದೀಯಾ."

ಬುಗುರಿಯ ಕಣ್ಣಿನಿಂದ ನೀರು ಇಳಿದು ಎರಡೂ ಕಿವಿಯ ಕಡೆ ಹರಿಯಿತು. ಒರೆಸಲು ಕೈ ಎತ್ತುವ ಶಕ್ತಿ ಅವಳಿಗಿರಲಿಲ್ಲ, ನಾವೂ ಒರೆಸಲಿಲ್ಲ. "ಅದನ್ನೇ ಅಮ್ಮಾ ನಾನು ಹೇಳ್ತಿದ್ದದ್ದು" ಎಂದಳು.