ಆವಲಮ್ಮನ ಗೋಡೆ

ಫ್ಲೆಕ್ಸ್ ಬಂದು ಬೋರ್ಡ್ ಬರೆಯುವವರ ಕೈಯ ಬ್ರಷ್ ಕಿತ್ತುಕೊಂಡಾಗ ಸುಗಟೂರಿನ ಗುರುವಪ್ಪ ಊರಿಗೆ ವಾಪಸ್ ಹೋಗಲಿಲ್ಲ. ಲಾರಿಗಳಿಗೆ ನಂಬರ್ ಬರೆಯುತ್ತಾ ಕೋಲಾರದಲ್ಲೇ, ಹಳೇ ರೇಷ್ಮೆಗೂಡಿನ ಗೋಡೌನ್ ಹಿಂದಿನ ಗಲ್ಲಿಯಲ್ಲಿ ಉಳಿದ. ಆ ಗಲ್ಲಿಗೆ ದೀಪವಿಲ್ಲ, ಕಸದ ಗಾಡಿಯೂ ಬರುತ್ತಿರಲಿಲ್ಲ. ಊರೆಲ್ಲ ಮೂಗು ಮುಚ್ಚಿಕೊಂಡು ಬಂದು ಗೋಡೌನ್ ಗೋಡೆಗೆ ಕಸ ಎಸೆದು ಹೋಗುತ್ತಿತ್ತು.

"ದೇವರ ಚಿತ್ರ ಬರಿಯೋ, ಯಾರೂ ಎಸೆಯಲ್ಲ" ಅಂದರು ಗಲ್ಲಿಯವರು.

"ನಿಮ್ ಕೊಳಕಿಗೆ ದೇವರು ವಾಚ್‌ಮನ್ನಾ?" ಎಂದು ಗುರುವಪ್ಪ ರೇಗಿದ. ಕಸವನ್ನು ತಾನೇ ಬಾಚಿದ. ಡಬ್ಬಗಳ ತಳದಲ್ಲಿ ಉಳಿದ ಬಣ್ಣವನ್ನೆಲ್ಲ ಕಲಸಿ, ಗಲ್ಲಿಯ ಬಾಯಲ್ಲಿ ಹೂವು, ಕುಂಕುಮ ಮಾರುವ ಆವಲಮ್ಮನನ್ನು ಗೋಡೆಯೆತ್ತರ ಬರೆದ. ಬುಟ್ಟಿ, ಮೂಗುಬೊಟ್ಟು, ಎಲೆಅಡಿಕೆಯ ಕೆಂಪು ತುಟಿ, ಎಲ್ಲ ಇದ್ದ ಹಾಗೇ.

ಬೆಳಗ್ಗೆ ನೋಡಿದರೆ ಯಾರೋ ಚಿತ್ರದ ಹಣೆಗೆ ಕುಂಕುಮ ಇಟ್ಟು, ಹಾರ ಹಾಕಿ, ಕರ್ಪೂರ ಹಚ್ಚಿದ್ದರು. ಗೋಡೆಯ ಮೇಲೆ ಅಷ್ಟು ದೊಡ್ಡ ಮುಖವಿದ್ದರೆ ಒಂದೋ ದೇವತೆ, ಇಲ್ಲಾ ಸತ್ತವರು. ನಮ್ಮ ಜನಕ್ಕೆ ಮೂರನೆಯದು ಗೊತ್ತಿಲ್ಲ.

ಆವಲಮ್ಮ ಹಾರ ಕಿತ್ತೆಸೆದಳು. "ಲೇ ಗುರುವಪ್ಪ, ನಾನಿನ್ನೂ ಉಸಿರಾಡ್ತಿದೀನಿ ಕಣೋ. ಬದುಕಿರೋಳಿಗೇ ತಿಥಿ ಮಾಡಿಸ್ತೀಯಾ?"

"ನನ್ನೇನ್ ಕೇಳ್ತೀಯ? ನಿನ್ನೆ ಹಾರ ಯಾರಿಗೆ ಮಾರಿದ್ಯೋ ಅವರನ್ನ ಕೇಳು."

ಬೈದಳು ನಿಜ. ಆದರೆ ಮಾರನೆಯ ದಿನದಿಂದ ಬುಟ್ಟಿಯನ್ನು ಆ ಗೋಡೆಯ ಕೆಳಗೇ ಇಟ್ಟಳು. ಕಸ ನಿಂತಿತು. ಟೀ ಅಂಗಡಿ ಬಂತು. ನರಸಾಪುರದ ಕಂಪನಿ ಬಸ್ಸಿಗೆ ಹೋಗುವ ಹುಡುಗಿಯರು ಸುತ್ತುದಾರಿ ಬಿಟ್ಟು ಗಲ್ಲಿಯಲ್ಲೇ ನಡೆದರು. ಆಗ ಗೋಡೌನ್ ಮಾಲೀಕ ಮುರಳಿಮೋಹನನಿಗೆ ತನಗೊಂದು ಗೋಡೆಯಿದೆ ಎಂದು ನೆನಪಾಯಿತು. ಅದನ್ನು ಜಾಹೀರಾತಿಗೆ ಬಾಡಿಗೆ ಕೊಡಲು, ಕೂಲಿಯಾಳು ಕದಿರೇಶನ ಕೈಗೆ ಸುಣ್ಣದ ಬಕೆಟ್ ಕೊಟ್ಟು ಕರೆತಂದ.

"ಗೋಡೆ ನಂದು."

"ಕಸ ಇದ್ದಾಗ ಯಾರದಿತ್ತು ಸಾರ್?" ಗುರುವಪ್ಪ ಅಡ್ಡ ನಿಂತ.

ಆವಲಮ್ಮ ಎದ್ದು, ಟೀ ಅಂಗಡಿಯ ಸ್ಟೂಲ್ ಹತ್ತಿ, ತನ್ನ ಚಿತ್ರದ ಹಣೆಗೆ ತಾನೇ ಕುಂಕುಮ ಒತ್ತಿದಳು.

ಕದಿರೇಶ್ ಬಕೆಟ್ ಕೆಳಗಿಟ್ಟು ಚಪ್ಪಲಿ ಕಳಚಿದ. "ವದ್ದು ಸಾರ್, ಬೇಡ. ಕುಂಕುಮ ಇಟ್ಟಿರೋ ಮುಖಕ್ಕೆ ನಾನು ಸುಣ್ಣ ಹೊಡೆಯಲ್ಲ."

ಮುರಳಿಮೋಹನ್ ತಾನೇ ಬ್ರಷ್ ಅದ್ದಿ ಬೀಸಿದ. ಮುಖದವರೆಗೆ ಅವನ ಕೈಯೂ ಏಳಲಿಲ್ಲ. ಸುಣ್ಣ ಚಿತ್ರದ ಬುಟ್ಟಿಯ ಮೇಲೆ ಬಿತ್ತು. ಎಲ್ಲರೂ ಗುರುವಪ್ಪನ ಬಾಯಿ ನೋಡಿದರು. ಅವನು ಬೈಯಲಿಲ್ಲ. ಸಣ್ಣ ಬ್ರಷ್ ತೆಗೆದು, ಆ ಹಸಿ ಸುಣ್ಣವನ್ನೇ ತಿದ್ದಿ, ಮಾಲೀಕನ ಕಣ್ಣೆದುರೇ ಒಂದೊಂದಾಗಿ ಮಲ್ಲಿಗೆ ಮೊಗ್ಗು ಮಾಡಿದ.

"ನಾಳೆ ಇನ್ನೊಂದು ಬಕೆಟ್ ತನ್ನಿ ಸಾರ್" ಅಂದ. "ಬುಟ್ಟಿ ಇನ್ನೂ ತುಂಬಿಲ್ಲ."